ಬಿಳಿ ಪುಟದ ಮೇಲಿನ ಹಸಿರು

ಗಗನಾ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿಕೊಟ್ಟವಳು ಶಶಿರೇಖಾನೇ. ಯಾವ ಫೈಲು ಎಲ್ಲಿದೆ, ಯಾವ ಕಾಲೇಜಿನವರು ಫೋನಿನಲ್ಲಿ ಕೂಗಾಡುತ್ತಾರೆ, ಅನಿಲ್ ಕುಮಾರ್ ಸರ್ ಹತ್ತಿರ ರಜೆ ಕೇಳಬೇಕಾದರೆ ಊಟಕ್ಕೆ ಮುಂಚೆ ಕೇಳಬೇಕೋ ಆಮೇಲೋ, ಇಂಥವೆಲ್ಲ. ಹುಡುಗಿ ಚುರುಕು ಅಂತ ಆಗಲೇ ಗೊತ್ತಾಗಿತ್ತು. ಚುರುಕಾಗಿದ್ದರೆ ಒಳ್ಳೆಯದೇ, ತನ್ನ ಹೊರೆ ಇಳಿಯುತ್ತೆ ಅಂದುಕೊಂಡಿದ್ದಳು. ಹೊರೆ ಇಳಿಯಿತು ಕೂಡ. ಆದರೆ ತಲೆಯ ಮೇಲಿಂದ ಇಳಿದದ್ದು ಎದೆಯ ಮೇಲೆ ಬಂದು ಕೂತಿತು.

ಅವರದು ಚಿಕ್ಕ ಆಫೀಸು. ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಹಳೇ ಮನೆಯೊಂದರ ಮಹಡಿ. ಕೆಳಗೆ ಬ್ಲೌಸ್ ಹೊಲಿಯುವವರ ಅಂಗಡಿ, ಮೇಲೆ ಇವರು. ಇವರು ನಡೆಸುತ್ತಿದ್ದದ್ದು ಒಂದೇ ವೆಬ್‌ಸೈಟು. ಕಂಪ್ಯೂಟರ್ ಓದುವ ಮಕ್ಕಳು ಅದರಲ್ಲಿ ಪ್ರೋಗ್ರಾಂ ಬರೆದು ಓಡಿಸಿದರೆ, ಟರ್ಮಿನಲ್ ಅನ್ನುವ ಕಪ್ಪು ಪರದೆಯಲ್ಲಿ ಮೂಡಬೇಕಾದ ಉತ್ತರ ಆ ಪೇಜಿನಲ್ಲೇ ಸಾಲುಸಾಲಾಗಿ ಬಂದು ನಿಲ್ಲುತ್ತಿತ್ತು. ಬರೆದ ಪ್ರೋಗ್ರಾಂ ಸರಿಯೋ ತಪ್ಪೋ ಅಂತ ಪರೀಕ್ಷೆಗೆ ಹಚ್ಚಿದರೆ ಪರೀಕ್ಷೆಗಳ ಹೆಸರುಗಳು ಒಂದರ ಕೆಳಗೊಂದು ಬರುತ್ತಿದ್ದವು. ಪಾಸಾದದ್ದು ಹಸಿರು, ಫೇಲಾದದ್ದು ಕೆಂಪು, ಎಚ್ಚರಿಕೆಯ ಮಾತಿದ್ದರೆ ಹಳದಿ. ಪಕ್ಕದಲ್ಲಿ ಬೇರೇನೂ ಬರೆದಿರುತ್ತಿರಲಿಲ್ಲ, ಬಣ್ಣವೇ ಫಲಿತಾಂಶ. ಒಳಗಿನ ಯಂತ್ರ ‘ಇದು ಹಸಿರು’ ಅಂತಷ್ಟೇ ಹೇಳುತ್ತದೆ. ಎಂಥ ಹಸಿರು ಅನ್ನುವುದನ್ನು ಪೇಜು ಮಾಡಿದವರು ತೀರ್ಮಾನಿಸಬೇಕು. ಆ ತೀರ್ಮಾನವನ್ನು ಶುರುವಿನಲ್ಲೇ ಮಾಡಿದವಳು ಶಶಿರೇಖಾ.

ಅದು ಅವಳಿಗೆ ಹೆಮ್ಮೆಯ ವಿಷಯವಾಗಿತ್ತು. ಮಾರ್ಕೆಟ್ಟಿನ ಹತ್ತಿರ ತರಕಾರಿ ಅಂಗಡಿ ಇಟ್ಟ ಶ್ರೀರಾಮಪ್ಪನ ಮಗಳು ಅವಳು. ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗಳು. ಕಪ್ಪು ಹಿನ್ನೆಲೆಯ ಮೇಲೆ ಎಳೆ ಚಿಗುರಿನಂಥ ಹಸಿರು, ನಿಂಬೆಹಳದಿ, ಗಾಢವಾದ ಕೆಂಪು ಹಾಕಿ ಆ ಪೇಜನ್ನು ಮೊದಲ ಸಲ ತೋರಿಸಿದ ದಿನ ಅನಿಲ್ ಕುಮಾರ್ ಎಲ್ಲರಿಗೂ ಮಸಾಲೆ ದೋಸೆ ತರಿಸಿದ್ದರು.

ಆಮೇಲೆ ಕಾಲೇಜುಗಳವರು ಕಪ್ಪು ಪುಟ ಬೇಡ, ಕಿಟಕಿ ಬೆಳಕು ಬಿದ್ದರೆ ನಮ್ಮ ಮುಖವೇ ಕಾಣುತ್ತೆ, ಬಿಳಿ ಮಾಡಿಕೊಡಿ ಅಂದರು. ಪುಟ ಬಿಳಿಯಾಯಿತು, ಬಣ್ಣಗಳು ಹಾಗೇ ಉಳಿದವು. ಬಿಳಿಯ ಮೇಲೆ ನಿಂಬೆಹಳದಿ ಮಾಯ. ಕಣ್ಣು ಕಿರಿದು ಮಾಡಿದರೆ ಹಸಿರು ಕಂಡೀತು. ಶಶಿರೇಖಾಗೆ ಅದು ಗೊತ್ತಿರಲಿಲ್ಲ ಅಂತಲ್ಲ. ತಾನು ಆರಿಸಿದ ಬಣ್ಣಗಳಿಗೆ ಕೈಹಚ್ಚಲು ಮನಸ್ಸು ಬರದೆ ಇವತ್ತು ನಾಳೆ ಅಂತ ತಳ್ಳಿಕೊಂಡು ಬಂದಿದ್ದಳು. ಕೊನೆಗೆ ಎಚ್ಚರಿಕೆಯ ಸಾಲುಗಳು ಮಕ್ಕಳ ಕಣ್ಣಿಗೇ ಬೀಳುತ್ತಿಲ್ಲ ಅಂತ ದೂರು ಮೇಲೆ ದೂರು ಬಂದಾಗ, ಅನಿಲ್ ಕುಮಾರ್ ಮೀಟಿಂಗಿನಲ್ಲಿ ಆ ಕೆಲಸವನ್ನು ಗಗನಾಗೆ ಕೊಟ್ಟರು. ಶಶಿಗೆ ಕೈತುಂಬಾ ಕೆಲಸ ಇದೆಯಲ್ಲ, ಇದನ್ನು ನೀನು ನೋಡ್ಕೋ ಅಂತ ಸಹಜವಾಗಿಯೇ ಹೇಳಿದರು. ಶಶಿರೇಖಾ ಕೂಡ ಸಹಜವಾಗಿಯೇ ತಲೆಯಾಡಿಸಿದಳು. ಆ ದಿನ ಡಬ್ಬಿಯಲ್ಲಿದ್ದ ಚಿತ್ರಾನ್ನವನ್ನು ಮಾತ್ರ ಹಾಗೇ ಮನೆಗೆ ವಾಪಸು ಒಯ್ದಳು.

ಗಗನಾ ಆ ಕೆಲಸವನ್ನು ಹಬ್ಬದ ಹಾಗೆ ಮಾಡಿದಳು. ಲ್ಯಾಪ್‌ಟಾಪ್ ಹಿಡಿದುಕೊಂಡು ಎಲ್ಲರ ಹತ್ತಿರ ಹೋಗಿ, ಇದು ಓದೋಕಾಗುತ್ತಾ, ಅದು ಓದೋಕಾಗುತ್ತಾ ಅಂತ ಕೇಳಿದಳು. ಕೆಳಗಿನ ಅಂಗಡಿಯ ಚೂಡಾಮಣಿಯವರು ಸೂಜಿಗೆ ದಾರ ಪೋಣಿಸುತ್ತಿದ್ದವರು ಕನ್ನಡಕ ಸರಿಮಾಡಿಕೊಂಡು ಎರಡು ಸಾಲು ಓದಿದರು. ಅಕ್ಷರದ ಬಣ್ಣಕ್ಕೂ ಹಿನ್ನೆಲೆಯ ಬಣ್ಣಕ್ಕೂ ಎಷ್ಟು ಅಂತರ ಇದೆ ಅಂತ ಅಂಕಿಯಲ್ಲಿ ತೋರಿಸುವ ಸಾಧನವೊಂದಿತ್ತು. ಅದರಲ್ಲಿ ಒಂದೊಂದು ಬಣ್ಣವನ್ನೂ ಅಳೆದಳು. ಹಳದಿಯನ್ನು ಬೆಲ್ಲದ ಕಂದು ಮಾಡಿದಳು. ಹಸಿರನ್ನು ಮಾವಿನೆಲೆಯಷ್ಟು ಕಪ್ಪಾಗಿಸಿದಳು. ಕೆಂಪು, ನೀಲಿ, ನೇರಳೆ ಯಾವುದೂ ಒಂದಕ್ಕಿಂತ ಒಂದು ಮಂಕಾಗದ ಹಾಗೆ ಎಲ್ಲವನ್ನೂ ಒಂದೇ ಗಾಢತೆಗೆ ತಂದಳು. ಆಫೀಸಿನಲ್ಲಿ ಯಾರು ಕಾಫಿಗೆ ಎದ್ದರೂ ಅವಳ ಮೇಜಿನ ಪಕ್ಕ ಹಾದು, ಒಂದು ಮಾತು ಆಡಿ, ನಕ್ಕು ಹೋಗುತ್ತಿದ್ದರು.

ಶಶಿರೇಖಾಳ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಆಗ. ಗಗನಾಳ ತಾತ ಮಾಯಣ್ಣ ಒಂದು ಕಾಲಕ್ಕೆ ಯಲಹಂಕದ ಕಡೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರು ಬಾಡಿಗೆ ಕಟ್ಟಡಗಳಿದ್ದವು. ಆ ಹುಡುಗಿ ಕೆಲಸ ಬಿಟ್ಟು ಮನೆಯಲ್ಲಿ ಕೂತರೂ ನಡೆಯುತ್ತಿತ್ತು. ಕೆಲಸ ಬೇಕಾಗಿಯೇ ಇಲ್ಲದವಳಿಗೆ ಕೆಲಸ ಇಷ್ಟು ಚೆನ್ನಾಗಿ ಬರಬಾರದಾಗಿತ್ತು ಅಂತ ಶಶಿರೇಖಾಗೆ ಅನಿಸುತ್ತಿತ್ತು. ಗಗನಾಳ ನಗು ಜೋರು ಅನಿಸಿತು. ಅವಳು ಮೊಸರನ್ನಕ್ಕೆ ದಾಳಿಂಬೆ ಕಾಳು ಉದುರಿಸಿಕೊಂಡು ಬರುವುದು ಕೂಡ ಸಹಿಸಲಾಗದಂತಾಯಿತು. ತಾನು ಹೇಳಿಕೊಟ್ಟ ಕೀಬೋರ್ಡಿನ ಕೀಲಿಗಳನ್ನೇ ತನಗಿಂತ ಬೇಗ ಒತ್ತುವ ಆ ಬೆರಳುಗಳನ್ನು ನೋಡುತ್ತಾ ಕೂತುಬಿಡುತ್ತಿದ್ದಳು.

ಒಂದು ಸಂಜೆ ಮನೆಯಲ್ಲಿ ಗಂಡ ಮುರುಗೇಶನಿಗೆ ಫೋನಿನಲ್ಲಿ ತನ್ನ ಹಳೇ ಪೇಜನ್ನೂ ಗಗನಾಳ ಅರೆಬರೆ ಮುಗಿದ ಪೇಜನ್ನೂ ತೋರಿಸಿದಳು. ಅವನದು ಹೂವಿನ ಗಿಡಗಳ ನರ್ಸರಿ. ಕಂಪ್ಯೂಟರಿನ ಗೋಜು ಅವನಿಗಿರಲಿಲ್ಲ. ಯಾರದು ಯಾವುದು ಅಂತ ಹೇಳದೆ, ಯಾವುದು ಚೆನ್ನಾಗಿದೆ ಅಂತ ಮಾತ್ರ ಕೇಳಿದಳು. ಮುರುಗೇಶ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ಇದು ಲಕ್ಷಣವಾಗಿದೆ ಅಂತ ಅವಳದ್ದನ್ನು ತೋರಿಸಿದ. ಅವಳ ಮುಖ ಅರಳುವಷ್ಟರಲ್ಲಿ, ಆದರೆ ಓದೋಕೆ ಬರೋದು ಅದು ಅಂತ ಗಗನಾಳದ್ದನ್ನು ತೋರಿಸಿ ಕೈಕಾಲು ತೊಳೆಯಲು ಎದ್ದುಹೋದ. ಅವಳು ಆ ರಾತ್ರಿ ಅವನ ತಟ್ಟೆಗೆ ಸಾರನ್ನು ಧಡಕ್ಕನೆ ಸುರಿದಳು. ಯಾಕೆ ಅಂತ ಅವನಿಗೆ ತಿಳಿಯಲೇ ಇಲ್ಲ.

ಇಲ್ಲಿ ಸ್ವರೂಪನ ವಿಷಯ ಹೇಳಬೇಕು. ಕಾಲೇಜುಗಳಿಗೆ ಹೋಗಿ ಪೇಜನ್ನು ತೋರಿಸಿ, ವಿವರಿಸಿ, ಒಪ್ಪಿಸಿ ಬರುವವನು ಅವನು. ಶಶಿರೇಖಾಳ ಓರಗೆಯವನು, ಆಫೀಸು ಶುರುವಾದಾಗಿನಿಂದ ಇಬ್ಬರೂ ಸಂಜೆ ಕಾಫಿಗೆ ಜೊತೆಗೇ ಇಳಿಯುತ್ತಿದ್ದವರು. ಹಿಂದೊಮ್ಮೆ ಹಾಗೆ ಇಳಿದವರು ಅವಳ ಅಪ್ಪನ ಅಂಗಡಿಗೆ ಹೋಗಿದ್ದರು. ಹೆಂಡತಿ ಟೊಮೇಟೊ ತರಲು ಹೇಳಿದ್ದಾಳೆ ಅಂತ ಸ್ವರೂಪ ಬುಟ್ಟಿಗೆ ಕೈಹಾಕಿ, ಹಣ್ಣಿನ ಜೊತೆಗೆ ಹಸಿ ಕಾಯಿಗಳನ್ನೂ ಆರಿಸಿ ಆರಿಸಿ ತಕ್ಕಡಿಗೆ ಹಾಕಿದ. ಶಶಿರೇಖಾ ನಕ್ಕಳು. ಅವನು ನಗಲಿಲ್ಲ. ದಾರಿಯಲ್ಲಿ ಬರುವಾಗ ಹೇಳಿದ: ಅವನಿಗೆ ಕೆಂಪೂ ಹಸಿರೂ ಒಂದೇ ಥರ ಕಾಣುತ್ತಿದ್ದವು. ರೈಲು ಓಡಿಸುವ ಕೆಲಸಕ್ಕೆ ಎಲ್ಲದರಲ್ಲೂ ಪಾಸಾಗಿ ಕಣ್ಣಿನ ಪರೀಕ್ಷೆಯಲ್ಲಿ ಬಿದ್ದಿದ್ದ. ಆಮೇಲೆ ವರ್ಷಗಟ್ಟಲೆ ನೆಂಟರಿಷ್ಟರು ಮದುವೆಮನೆಗಳಲ್ಲಿ ಅವನ ಎದುರು ಶಾಲು, ಸೀರೆ, ಹೂವು ಹಿಡಿದು ಇದು ಯಾವ ಬಣ್ಣ ಹೇಳು ಅಂತ ಆಟ ಆಡಿಸಿದ್ದರು. ಆಫೀಸಿನಲ್ಲೂ ಅದು ಶುರುವಾಗುವುದು ಬೇಡ, ಯಾರಿಗೂ ಹೇಳಬೇಡ ಅಂದ. ಹಾಗಾದರೆ ನಮ್ಮ ಪೇಜನ್ನು ಹೇಗೆ ತೋರಿಸುತ್ತೀಯ ಅಂತ ಅವಳು ಕೇಳಿದ್ದಕ್ಕೆ, ನಿನ್ನ ಹಸಿರು ತೆಳು, ನಿನ್ನ ಕೆಂಪು ದಟ್ಟ, ತೆಳುವಾಗಿದ್ದದ್ದು ಪಾಸು, ದಟ್ಟವಾಗಿದ್ದದ್ದು ಫೇಲು, ನನಗೇನೂ ಕಷ್ಟವಿಲ್ಲ ಅಂದಿದ್ದ.

ಗಗನಾ ತನ್ನ ಬಣ್ಣಗಳನ್ನು ಮುಗಿಸಿದ ವಾರ ಸ್ವರೂಪ ಮೈಸೂರು, ಮಂಡ್ಯ ಅಂತ ಕಾಲೇಜುಗಳ ಸುತ್ತಾಟದಲ್ಲಿದ್ದ. ಅವಳು ಕೊನೆಯದಾಗಿ ತೋರಿಸಲು ಬಂದದ್ದು ಶಶಿರೇಖಾಗೆ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು.

“ಅಕ್ಕಾ, ನೀವು ಒಂದ್ಸಲ ನೋಡ್ಬಿಡಿ. ಏನಾದ್ರೂ ಬಿಟ್ಟಿದೀನಾ?”

ಶಶಿರೇಖಾ ನೋಡಿದಳು. ಸಾಲುಸಾಲು ಹೆಸರುಗಳು, ಕಣ್ಣಿಗೆ ಸ್ವಲ್ಪವೂ ಶ್ರಮವಿಲ್ಲದೆ, ಅಚ್ಚು ಹಾಕಿದ ಪುಸ್ತಕದಷ್ಟು ಸ್ಪಷ್ಟವಾಗಿ ಓದಿಸಿಕೊಂಡವು. ತಾನೇಕೆ ಇದನ್ನು ಮಾಡಲಿಲ್ಲ ಅನ್ನುವ ಸಂಕಟ ಮೊದಲು ಬಂತು. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು. ಮಾವಿನೆಲೆಯ ಹಸಿರು, ಕುಂಕುಮದ ಕೆಂಪು, ಎರಡೂ ಅಳತೆ ಮಾಡಿದ ಹಾಗೆ ಒಂದೇ ಗಾಢ. ತೆಳುವಾದದ್ದು ಅಂತ ಈ ಪುಟದಲ್ಲಿ ಏನೂ ಉಳಿದಿಲ್ಲ. ಸ್ವರೂಪನಿಗೆ ಇಲ್ಲಿ ಪಾಸೂ ಫೇಲೂ ಒಂದೇ.

ಅದು ಗೊತ್ತಿದ್ದವಳು ಆ ಆಫೀಸಿನಲ್ಲಿ ಅವಳೊಬ್ಬಳೇ. ಗಗನಾ ಅಷ್ಟು ಜನರನ್ನು ಕೇಳಿ, ಅಷ್ಟು ಅಳೆದು, ಇದೊಂದನ್ನು ಬಿಟ್ಟಿದ್ದಳು. ಎಷ್ಟೋ ದಿನದ ಮೇಲೆ ಶಶಿರೇಖಾಗೆ ಎದೆ ತಣ್ಣಗಾದಂತಾಯಿತು.

“ಚೆನ್ನಾಗಿದೆ. ಏನೂ ಬಿಟ್ಟಿಲ್ಲ” ಅಂದಳು.

ಗಗನಾ ಖುಷಿಯಿಂದ ಅವಳ ತೋಳು ಹಿಸುಕಿ ಎದ್ದುಹೋದಳು.

ಹೊಸ ಪೇಜು ಮುಂದಿನ ವಾರ ಬಸವನಗುಡಿಯ ಕಾಲೇಜೊಂದರಲ್ಲಿ ತೋರಿಸುವ ದಿನದ ಬೆಳಿಗ್ಗೆಯೇ ಚಾಲೂ ಆಯಿತು. ಸ್ವರೂಪ ಹಿಂದಿನ ಸಂಜೆಯಷ್ಟೇ ಊರಿಗೆ ಮರಳಿದ್ದ. ಅಭ್ಯಾಸವನ್ನೆಲ್ಲ ಹಳೇ ಪೇಜಿನಲ್ಲೇ ಮಾಡಿಕೊಂಡಿದ್ದ. ಅನಿಲ್ ಕುಮಾರ್ ಎಲ್ಲರನ್ನೂ ಕರೆದುಕೊಂಡು ಹೋದರು. ಕಾರಿನಲ್ಲಿ ಶಶಿರೇಖಾ ಸ್ವರೂಪನ ಪಕ್ಕದಲ್ಲೇ ಕೂತಿದ್ದಳು. ಚಾಮರಾಜಪೇಟೆ ದಾಟುವವರೆಗೂ ಅವನು ಮಗಳ ಶಾಲೆಯ ನಾಟಕದ ಕಥೆ ಹೇಳುತ್ತಿದ್ದ. ಅವನ ಕಿವಿಯಲ್ಲಿ ಒಂದು ಮಾತು ಹಾಕಿದ್ದರೆ ಸಾಕಾಗಿತ್ತು. ಅವಳು ಕಿಟಕಿಯ ಹೊರಗೆ ನೋಡುತ್ತಾ ಹ್ಞೂಂಗುಟ್ಟಿದಳು.

ಕಾಲೇಜಿನ ಸಭಾಂಗಣ ತುಂಬಿತ್ತು. ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಶ್ರೀನಿವಾಸಯ್ಯ ಅಂತ, ಮೃದು ಮಾತಿನವರು, ಮುಂದಿನ ಸಾಲಿನಲ್ಲಿದ್ದರು. ಸ್ವರೂಪ ಎಂದಿನಂತೆ ಚೆನ್ನಾಗಿಯೇ ಶುರುಮಾಡಿದ. ವಿದ್ಯಾರ್ಥಿನಿಯೊಬ್ಬಳನ್ನು ಕರೆದು ಪ್ರೋಗ್ರಾಂ ಬರೆಸಿದ, ಪರೀಕ್ಷೆಗೆ ಹಚ್ಚಿದ. ದೊಡ್ಡ ಪರದೆಯ ಮೇಲೆ ಹೆಸರುಗಳು ಒಂದರ ಕೆಳಗೊಂದು ಇಳಿದವು. ಹಿಂದಿನ ಬೆಂಚಿನವರಿಗೂ ಅಕ್ಷರಗಳು ಕಾಣುತ್ತಿದ್ದವು. ಯಾರೋ ಚೆನ್ನಾಗಿ ಕಾಣುತ್ತೆ ಅಂದದ್ದು ಶಶಿರೇಖಾಳ ಕಿವಿಗೂ ಬಿತ್ತು.

ಸ್ವರೂಪ ಪರದೆ ನೋಡಿದ. ಒಂದು ಗಳಿಗೆ ತಡೆದ. ಆಮೇಲೆ ನಗುತ್ತಾ, ನೋಡಿ, ಎಲ್ಲಾ ಪಾಸಾಗಿದೆ, ನಿಮ್ಮ ಹುಡುಗಿ ಜಾಣೆ ಅಂದ.

“ಸರ್, ಎರಡು ರೆಡ್ ಇದೆ” ಅಂದಳು ಆ ಹುಡುಗಿ.

ಸಭೆಯಲ್ಲಿ ಸಣ್ಣ ನಗು ಹರಿಯಿತು. ಶ್ರೀನಿವಾಸಯ್ಯನವರು ಹಾಗಾದರೆ ಫೇಲಾದದ್ದು ಯಾವುದು, ಯಾಕೆ ಅಂತ ವಿವರಿಸಿ ಅಂದರು. ಸ್ವರೂಪ ಪರದೆಯ ಹತ್ತಿರ ಹೋಗಿ ಒಂದು ಸಾಲಿನ ಮೇಲೆ ಬೆರಳಿಟ್ಟ. ಅದಲ್ಲ ಸರ್, ಕೆಳಗಡೆದು ಅಂತ ಹಿಂದಿನಿಂದ ಯಾರೋ ಕೂಗಿದರು. ಇನ್ನೊಂದರ ಮೇಲೆ ಇಟ್ಟ. ಈಗ ನಗು ಜೋರಾಯಿತು. ಅವನ ಹಣೆ ಬೆವರಿತು. ಬೆರಳು ಪರದೆಯ ಮೇಲೆ ಯಾವ ಸಾಲನ್ನೂ ಮುಟ್ಟದೆ ಗಾಳಿಯಲ್ಲಿ ನಿಂತಿತ್ತು. ಮದುವೆಮನೆಗಳಲ್ಲಿ ಅವನನ್ನು ಆಟ ಆಡಿಸುತ್ತಿದ್ದರು ಅಂತ ಅವನು ಹೇಳಿದ್ದನ್ನು ಶಶಿರೇಖಾ ಈಗ ಕಣ್ಣಾರೆ ನೋಡುತ್ತಿದ್ದಳು. ಗಗನಾ ಸೋಲುವುದನ್ನು ನೋಡಬೇಕು ಅಂತ ಕಾದು ಕೂತಿದ್ದಳು. ಗಗನಾ ಅವಳ ಪಕ್ಕದಲ್ಲಿ ಏನೂ ಅರ್ಥವಾಗದೆ ಉಗುರು ಕಚ್ಚುತ್ತಿದ್ದಳು. ಸೋಲುತ್ತಿದ್ದವನು ಸ್ವರೂಪ. ಕೊನೆಗೆ ಅನಿಲ್ ಕುಮಾರ್ ತಾವೇ ಎದ್ದು ಹೋಗಿ ಮೈಕು ತೆಗೆದುಕೊಂಡರು.

ವಾಪಸು ಬರುವಾಗ ಕಾರಿನಲ್ಲಿ ಅನಿಲ್ ಕುಮಾರ್, ತಯಾರಿ ಇಲ್ಲದೆ ಯಾಕೆ ನಿಲ್ಲುತ್ತೀರಿ ಅಂತ ಒಂದೇ ಮಾತು ಕೇಳಿದರು. ಸಾರಿ ಸರ್ ಅಂದ ಸ್ವರೂಪ.

ಮರುದಿನ ಸಂಜೆ ಸ್ವರೂಪ ಎಂದಿನಂತೆ ಅವಳ ಮೇಜಿನ ಹತ್ತಿರ ಬಂದು ಕಾಫಿಗೆ ಕರೆದ. ಹೋಟೆಲಿನ ಹೊರಗೆ ಹೊಂಗೆ ಮರದ ಕೆಳಗೆ ಲೋಟ ಹಿಡಿದು ನಿಂತರು. ಅವನು ಬಹಳ ಹೊತ್ತು ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ಕಾಫಿ ಸುರಿಯುತ್ತಲೇ ಇದ್ದ.

“ಥ್ಯಾಂಕ್ಸ್ ಶಶಿ” ಅಂದ. “ನಿನ್ನೆ ಅಷ್ಟಾದ್ರೂ ನೀನು ಬಾಯಿ ಬಿಡಲಿಲ್ಲ. ಬೇರೆ ಯಾರಾದ್ರೂ ಆಗಿದ್ರೆ ಕಾರಲ್ಲೇ ಹೇಳ್ಬಿಡ್ತಿದ್ರು.”

ಹೌದು ಅಂದುಬಿಟ್ಟರೆ ಮುಗಿಯಿತು. ಅವನ ಮಾತು ಉಳಿಸಿದ ಗೆಳತಿಯಾಗಿ ಅವಳು ಉಳಿಯುತ್ತಿದ್ದಳು, ಯಾರೂ ಕೇಳುವವರಿರಲಿಲ್ಲ. ಅವಳು ಹೌದು ಅನ್ನಲು ಬಾಯಿ ತೆರೆದಳು ಕೂಡ. ಆದರೆ ಅವನ ಮುಖದಲ್ಲಿ ನಿನ್ನೆಯ ಬೆವರು ಇನ್ನೂ ಆರಿಲ್ಲ ಅನಿಸಿತು.

“ನಿನಗೋಸ್ಕರ ಸುಮ್ನಿರಲಿಲ್ಲ ಸ್ವರೂಪ. ಹೋದ ವಾರವೇ ಗಗನಾ ನಂಗೆ ತೋರ್ಸಿದ್ಲು. ನಿಂಗೆ ಕಾಣಲ್ಲ ಅಂತ ನೋಡಿದ ತಕ್ಷಣ ಗೊತ್ತಾಯ್ತು. ಅವಳದ್ದು ಹಾಳಾಗ್ಲಿ ಅಂತ ಸುಮ್ನಿದ್ದೆ.”

ಅವನು ಸುರಿಯುವುದನ್ನು ನಿಲ್ಲಿಸಿದ. ಕೋಪ ಬರುತ್ತೆ ಅಂದುಕೊಂಡಿದ್ದಳು. ಬಂದದ್ದು ಕೋಪವಲ್ಲ.

“ಅವಳಿಗೆ ಹೇಳದೆ ಇದ್ದದ್ದು ಹೋಗ್ಲಿ. ನನಗೊಬ್ಬನಿಗೆ ಹೇಳಬಹುದಿತ್ತಲ್ಲ” ಅಂದ.

ಅವನು ಕಾಫಿ ಕುಡಿದು ಮುಗಿಸದೆ ಲೋಟ ಇಟ್ಟು, ಬರ್ತೀನಿ ಅಂತ ಹೇಳಿ ಮೆಟ್ರೋ ಕಡೆ ನಡೆದುಬಿಟ್ಟ.

ಆಮೇಲೆ ನಡೆದದ್ದನ್ನು ಅವಳು ಊಹಿಸಿರಲಿಲ್ಲ. ಸ್ವರೂಪ ತಾನೇ ಹೋಗಿ ಅನಿಲ್ ಕುಮಾರ್‌ಗೂ ಗಗನಾಗೂ ತನ್ನ ಕಣ್ಣಿನ ವಿಷಯ ಹೇಳಿದ. ಶಶಿರೇಖಾಳ ಹೆಸರು ಎತ್ತಲಿಲ್ಲ. ಗಗನಾ ಒಂದು ಶಾಲನ್ನೂ ತಂದು ಇದು ಯಾವ ಬಣ್ಣ ಅನ್ನಲಿಲ್ಲ. ಕುರ್ಚಿ ಎಳೆದು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿಮಗೆ ಏನು ಕಾಣುತ್ತೆ ಹೇಳಿ ಸರ್ ಅಂತ ಕೆಲಸಕ್ಕೆ ಕೂತಳು. ಹಸಿರಿಗೆ ನೀಲಿ ಬೆರೆಸಿದರು, ಕೆಂಪನ್ನು ಇನ್ನಷ್ಟು ದಟ್ಟ ಮಾಡಿದರು, ಪಾಸಾದ ಸಾಲಿನ ಮುಂದೆ ಒಂದು ಸರಿ ಗುರುತು, ಫೇಲಾದ್ದರ ಮುಂದೆ ಅಡ್ಡಗೆರೆ ಇಟ್ಟರು. ದಿನಗಟ್ಟಲೆ ಇಬ್ಬರ ತಲೆಯೂ ಒಂದೇ ಪರದೆಯ ಮೇಲೆ. ಯಾರಿಗೂ ಗೊತ್ತಿಲ್ಲದ ಗುಟ್ಟು ಒಂದು ಕಾಲಕ್ಕೆ ಶಶಿರೇಖಾಳದಾಗಿತ್ತು. ಈಗ ಅದೂ ಗಗನಾಳ ಮೇಜಿಗೆ ಹೋಗಿತ್ತು. ತನ್ನ ಕೈಯಾರೆ ಕಳೆದುಕೊಂಡದ್ದಕ್ಕೆ ಇನ್ನೊಬ್ಬರ ಮೇಲೆ ಹೊಟ್ಟೆ ಉರಿದುಕೊಳ್ಳುವುದು ನ್ಯಾಯವಲ್ಲ ಅಂತ ಅವಳಿಗೆ ತಿಳಿಯುತ್ತಿತ್ತು. ತಿಳಿದರೂ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಗಗನಾ ಒಬ್ಬಳೇ ಇದ್ದಾಗ ಶಶಿರೇಖಾ ಹೋಗಿ, ಅವತ್ತು ನೀನು ಕೇಳಿದಾಗ ನನಗೆ ಗೊತ್ತಿತ್ತು ಅಂತ ಹೇಳಿದಳು. ಗಗನಾ ಲ್ಯಾಪ್‌ಟಾಪ್ ಮುಚ್ಚಿದಳು. ಸಭಾಂಗಣದಿಂದ ಬಂದ ದಿನ ತಪ್ಪು ಎಲ್ಲಿ ಮಾಡಿದೆ ಅಂತ ತಿಳಿಯದೆ ಅತ್ತಿದ್ದನ್ನು ಹೇಳಿದಳು. ಅಕ್ಕ ಅಂತ ನಂಬಿದ್ದೆ ಅಂದಳು. ಕ್ಷಮಿಸಿದ್ದೀನಿ ಅಂತ ಮಾತ್ರ ಅನ್ನಲಿಲ್ಲ. ಮೇಡಂ ಅಂತ ಕರೆಯಲು ಶುರುಮಾಡಿದಳು.

ಬಸವನಗುಡಿಯ ಕಾಲೇಜಿನವರು ಇನ್ನೊಂದು ಅವಕಾಶ ಕೊಟ್ಟರು. ಶ್ರೀನಿವಾಸಯ್ಯನವರೇ ಫೋನು ಮಾಡಿ ಕರೆದರಂತೆ. ಸ್ವರೂಪ ಹೋಗಿ, ಮೊದಲು ತನ್ನ ಕಣ್ಣಿನ ಕಥೆಯನ್ನೇ ಹೇಳಿ, ಆಮೇಲೆ ಪೇಜು ತೋರಿಸಿದ. ನಿಮ್ಮ ತರಗತಿಯಲ್ಲೂ ನನ್ನಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ ಅಂದನಂತೆ. ಹುಡುಗನೊಬ್ಬ ಎದ್ದು ನಾನು ಅಂದನಂತೆ. ಶಶಿರೇಖಾಗೆ ಇದೆಲ್ಲ ಅನಿಲ್ ಕುಮಾರ್ ಬಾಯಿಂದ ತಿಳಿಯಿತು. ಕಾಲೇಜು ಒಪ್ಪಿಕೊಂಡಿತು. ಮೀಟಿಂಗಿನಲ್ಲಿ ಗಗನಾಗೆ ಚಪ್ಪಾಳೆ ತಟ್ಟಿದರು. ಶಶಿರೇಖಾನೂ ತಟ್ಟಿದಳು, ಎಲ್ಲರಿಗಿಂತ ಸ್ವಲ್ಪ ತಡವಾಗಿ.

ಸ್ವರೂಪ ಕಾಫಿಗೆ ಕರೆಯುವುದು ನಿಂತೇ ಹೋಗಿತ್ತು. ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಮತ್ತೆ ಬಂದು ಕರೆದ. ಗಗನಾ ಕೂಡ ಜೊತೆಗಿದ್ದಳು. ಮೂವರೂ ಇಳಿದರು. ಅವರಿಬ್ಬರೂ ಏನೋ ನೆನೆಸಿಕೊಂಡು ನಕ್ಕಾಗ ಶಶಿರೇಖಾಗೆ ಚುರುಕ್ ಅಂದಿತು. ಅಂದರೂ ಮುಂದಿನ ಸಂಜೆಯೂ ಹೋದಳು.

ಸಂಕ್ರಾಂತಿಯ ಹೊತ್ತಿಗೆ ಗಗನಾ ಪೇಜಿಗೆ ಕಪ್ಪು ಹಿನ್ನೆಲೆಯನ್ನೂ ಮರಳಿ ಸೇರಿಸುತ್ತಿದ್ದಳು, ಬೇಕಾದವರು ಆರಿಸಿಕೊಳ್ಳಲಿ ಅಂತ. ಎಲ್ಲರಿಗೂ ತೋರಿಸಿದಳು. ಶಶಿರೇಖಾಳ ಹತ್ತಿರವೂ ಬಂದಳು, ಕೂರಲಿಲ್ಲ, ನಿಂತೇ ತೋರಿಸಿದಳು. ಶಶಿರೇಖಾ ನಿಧಾನವಾಗಿ ನೋಡಿದಳು. ಅಷ್ಟು ಮುಖ್ಯವಲ್ಲದ ಸಾಲುಗಳಿಗೆ ಗಗನಾ ಬೂದು ಬಣ್ಣ ಕೊಟ್ಟಿದ್ದಳು.

“ಈ ಬೂದಿ ಬಣ್ಣ ಓದೋಕಾಗಲ್ಲ” ಅಂದಳು ಶಶಿರೇಖಾ.

ಗಗನಾ ಹುಬ್ಬು ಗಂಟಿಕ್ಕಿದಳು. ಅಳೆದಿದ್ದೀನಿ, ಅಂಕಿ ಸರಿಯಾಗಿಯೇ ಇದೆ ಅಂದಳು. ಅಂಕಿ ಇಲ್ಲಿ ಸರಿ, ಮಕ್ಕಳು ಬಿಸಿಲಲ್ಲಿ ಫೋನು ಹಿಡಿದು ನೋಡುತ್ತಾರೆ ಅಂದಳು ಶಶಿರೇಖಾ. ನಿಮಗೆ ಹಾಗೆ ಅನಿಸುತ್ತೆ ಮೇಡಂ ಅಂತ ಗಗನಾ ಅಂದಾಗ ಆ ಮಾತಿನ ಮೊನೆ ಇಬ್ಬರಿಗೂ ತಾಗಿತು. ಶಶಿರೇಖಾ ಎದ್ದಳು. ಹೊರಗೆ ಬಾ, ನೋಡೇಬಿಡೋಣ ಅಂದಳು.

ಇಬ್ಬರೂ ಬಾಲ್ಕನಿಗೆ ಹೋದರು. ಎದುರು ಮನೆಯ ತಾರಸಿಯ ಮೇಲೆ ಹಪ್ಪಳ ಒಣಹಾಕಿದ್ದರು, ಅಷ್ಟು ಬಿಸಿಲು. ಗಗನಾ ಫೋನನ್ನು ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು, ಕೈಯನ್ನು ಮರೆ ಮಾಡಿ ನೋಡಿದಳು. ಬೂದು ಸಾಲುಗಳು ಎಲ್ಲಿವೆ ಅಂತ ಹುಡುಕಬೇಕಿತ್ತು.

“ಸರಿ, ಬೆಳ್ಳಗೆ ಮಾಡ್ತೀನಿ” ಅಂದಳು, ಮುಖ ಊದಿಸಿಕೊಂಡೇ. “ಎಷ್ಟು ಮಾಡ್ಲಿ?”

ಶಶಿರೇಖಾಗೆ ಗೆದ್ದಂಥ ಒಂದು ಹಿತವಾಯಿತು. ಅದನ್ನು ಅವಳು ಮುಚ್ಚಿಡಲಿಲ್ಲ, ಮುಖದಲ್ಲಿ ಕಂಡರೆ ಕಾಣಲಿ ಅಂತ ಬಿಟ್ಟಳು. ಗಗನಾಳ ಕೈಯಿಂದ ಫೋನು ತೆಗೆದುಕೊಂಡು, ಹಾಗೇ ಒಳಗೆ ಹೋಗಬೇಡ, ಇಲ್ಲೇ ನಿಂತು ಒಂದೊಂದಾಗಿ ನೋಡೋಣ ಅಂದಳು. ಗಗನಾ ಗೋಡೆಗೆ ಒರಗಿ ನಿಂತಳು. ಅವರು ಆ ಬೂದನ್ನು ತಿದ್ದಿ ಮುಗಿಸುವಷ್ಟರಲ್ಲಿ ಇನ್ನೂ ಎರಡು ಸಲ ಜಗಳವಾಡಿದ್ದರು.